ಮೊಬೈಲಿನ ಪಕ್ಕ ಯಾರು ಕೂತಿದ್ದಾರೆ?

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಹಲಗಾ ಗ್ರಾಮದಲ್ಲಿ ದಿನಾ ಸಂಜೆ 7ಕ್ಕೆ ಸೈರನ್ ಕೂಗತೊಡಗಿತು. ಅಲ್ಲಿಂದ 9ರವರೆಗೆ ಟಿವಿ ಬಂದ್, ಮೊಬೈಲ್ ಬಂದ್. ಮಕ್ಕಳು ಪುಸ್ತಕ ಹಿಡಿಯಬೇಕು, ದೊಡ್ಡವರು ಧಾರಾವಾಹಿ ಬಿಡಬೇಕು. ಈ ರೂಢಿಯ ಮೂಲ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿನ ಮೋಹಿತ್ಯಾಂಚೆ ವಡಗಾಂವ 2022ರ ಸ್ವಾತಂತ್ರ್ಯ ದಿನದಂದು ಇದನ್ನು ಶುರು ಮಾಡಿತ್ತು. ಕೊರೊನಾ ಕಾಲದ ಆನ್‌ಲೈನ್ ಪಾಠ ಮುಗಿದ ಮೇಲೂ ಹುಡುಗರ ಕೈಯಿಂದ ಮೊಬೈಲು ಇಳಿಯಲಿಲ್ಲವೆಂಬ ಕಳವಳ ಅದಕ್ಕೆ ಕಾರಣವಾಗಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮಂದಿಗೆ ಸಾಂಗ್ಲಿ, ಬೆಳಗಾವಿ ಎರಡೂ ದೂರದ ಊರುಗಳಲ್ಲ, ಆ ಕಳವಳವೂ ಹೊಸದಲ್ಲ. ಇದೇ ಕಾಲದಲ್ಲಿ ಬೆಂಗಳೂರಿನಂಥ ನಗರಗಳಲ್ಲಿ ಕೆಲವು ಕುಟುಂಬಗಳು ನೇರ ಎದುರು ದಿಕ್ಕಿಗೆ ನಡೆದಿವೆ. ಅವರ ಮಕ್ಕಳು ಶಾಲೆಗೇ ಹೋಗುವುದಿಲ್ಲ. ಮನೆಯಲ್ಲೂ ವೇಳಾಪಟ್ಟಿಯಿಲ್ಲ, ಪಠ್ಯವಿಲ್ಲ, ಹಲವರಲ್ಲಿ ಮೊಬೈಲಿಗೆ ಗಂಟೆಯ ಲೆಕ್ಕವೂ ಇಲ್ಲ. ಸೈರನ್ ಊದುವ ಊರು, ಗಡಿಯಾರವನ್ನೇ ನೋಡದ ಮನೆ ಇವೆರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಎರಡು ಕಡೆಯೂ ಫಲ ಕಂಡಿದ್ದರೆ ಅದಕ್ಕೆ ಕಾರಣ ಒಂದೇ: ಮಗುವಿನ ಪಕ್ಕದಲ್ಲಿ, ತನ್ನ ಮೊಬೈಲು ಕೆಳಗಿಟ್ಟ ಒಬ್ಬ ದೊಡ್ಡವರು ಇದ್ದಾರೆ.

ಶಾಲೆಯಿಲ್ಲದ ಈ ಕಲಿಕೆಗೆ ಅನ್‌ಸ್ಕೂಲಿಂಗ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ಅವರಿಂದ. ಮಕ್ಕಳು ತರಗತಿಯಲ್ಲಿ ಸೋಲುವುದು ದಡ್ಡತನದಿಂದಲ್ಲ, ಭಯದಿಂದ ಎಂದು 1964ರಲ್ಲೇ ಬರೆದಿದ್ದ ಅವರು 1977ರಲ್ಲಿ ಇಂಥ ಕುಟುಂಬಗಳಿಗಾಗಿ ಒಂದು ಪತ್ರಿಕೆಯನ್ನೇ ತೆಗೆದರು. ಮನೆಯಲ್ಲಿ ಪಾಠ ಹೇಳುವ ಮನೆಶಾಲೆಗೂ ಇದಕ್ಕೂ ವ್ಯತ್ಯಾಸವಿದೆ. ಮನೆಶಾಲೆ ಶಾಲೆಯ ಪಠ್ಯವನ್ನು ಮನೆಗೆ ತರುತ್ತದೆ, ಇಲ್ಲಿ ಪಠ್ಯವನ್ನೇ ಬಿಟ್ಟು ಮಗುವಿನ ಕುತೂಹಲದ ಹಿಂದೆ ಹೋಗುತ್ತಾರೆ. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ, ಆದರೆ ಸೇರಿಸದ ಪಾಲಕರಿಗೆ ಶಿಕ್ಷೆ ವಿಧಿಸುವುದಿಲ್ಲ. ಆ ಸಂದಿಯಲ್ಲಿ ಈ ಕುಟುಂಬಗಳು ಬದುಕುತ್ತಿವೆ. ಮಕ್ಕಳಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿಸುತ್ತಾರೆ.

ಮೊಬೈಲಿನ ವಿಷಯದಲ್ಲಿ ಇವರೆಲ್ಲ ಒಂದೇ ಮಾತಿನವರಲ್ಲ. ಒಂದು ಗುಂಪು ಊಟ, ನಿದ್ದೆ, ಆಟ, ಪರದೆ ಯಾವುದಕ್ಕೂ ಮಿತಿ ಹಾಕುವುದಿಲ್ಲ. ಮಗು ತಾನೇ ತನ್ನ ಮಿತಿಯನ್ನು ಕಂಡುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಇನ್ನೊಂದು ಗುಂಪು ಮಣ್ಣು, ಬೀಜ, ಅಡುಗೆ, ಕೈಕೆಲಸದ ಕಡೆ ವಾಲಿದ್ದು. ಹತ್ತು ಹನ್ನೆರಡು ವರ್ಷದವರೆಗೆ ಪರದೆಯನ್ನು ಮನೆಯೊಳಗೇ ಬಿಟ್ಟುಕೊಳ್ಳದವರು ಅದರಲ್ಲಿದ್ದಾರೆ. ನಡುವೆ ಇರುವವರ ದಾರಿ ಹೆಚ್ಚು ಗಮನಿಸಬೇಕಾದದ್ದು. ಅವರ ಮನೆಯಲ್ಲಿ ಕಂಪ್ಯೂಟರು ಮಲಗುವ ಕೋಣೆಯಲ್ಲಿರದೆ ಎಲ್ಲರೂ ಓಡಾಡುವ ಪಡಸಾಲೆಯಲ್ಲಿರುತ್ತದೆ. ಮಗು ಆಡುವ ಆಟವನ್ನು ಅಪ್ಪ ಅವ್ವ ತಾವೂ ಆಡಿ ನೋಡುತ್ತಾರೆ. ಓದಿದರೆ ಮೊಬೈಲು, ಓದದಿದ್ದರೆ ಇಲ್ಲ ಎಂಬ ಪಂದ್ಯ ಕಟ್ಟುವುದಿಲ್ಲ. ಹಾಗೆ ಕಟ್ಟಿದರೆ ಓದು ದಂಡವೂ ಮೊಬೈಲು ಬಹುಮಾನವೂ ಆಗುತ್ತದೆ ಎಂಬುದು ಅವರ ತರ್ಕ, ಆ ತರ್ಕ ನನಗೆ ಒಪ್ಪಿಗೆ. ಶಾಲೆ ಬಿಡಿಸಿ ತಂದ ಮಗು ಮೊದಲ ಕೆಲವು ತಿಂಗಳು ಪರದೆಗೆ ಅಂಟಿಕೊಂಡೇ ಇರುತ್ತದೆ ಎಂಬುದನ್ನೂ ಈ ಕುಟುಂಬಗಳು ಬಲ್ಲವು. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಕಾಯಿರಿ ಎಂಬ ಬಾಯಿಮಾತಿನ ಲೆಕ್ಕ ಅವರಲ್ಲಿದೆ. ಯಾವ ಸಂಶೋಧನೆಯೂ ಅದರ ಹಿಂದಿಲ್ಲ, ಆದರೂ ತಾಳ್ಮೆ ಕಲಿಸಲು ಅದು ಉಪಯೋಗಕ್ಕೆ ಬರುತ್ತದೆ.

ಗಂಟೆಯ ಲೆಕ್ಕ ಬೇಡ ಎನ್ನುವುದು ವೈದ್ಯರ ಮಾತಿಗೆ ವಿರುದ್ಧವಲ್ಲವೇ ಎಂದು ಕೇಳಬಹುದು. ಸಣ್ಣ ಮಕ್ಕಳ ಮಟ್ಟಿಗೆ ವಿರುದ್ಧವೇ, ಅಲ್ಲಿ ವೈದ್ಯರ ಮಾತೇ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ ಎಂದಿತು, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂದಿತು. ಭಾರತದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಇದೇ: ಎರಡು ವರ್ಷದವರೆಗೆ ಸೊನ್ನೆ, ಐದರವರೆಗೆ ಒಂದು ಗಂಟೆ, ಹತ್ತರವರೆಗೆ ಎರಡು ಗಂಟೆಯೊಳಗೆ. ಅಳುವ ಕೂಸಿನ ಕೈಗೆ ಮೊಬೈಲು ಕೊಟ್ಟು ಊಟ ಮಾಡಿಸುವ ಅಭ್ಯಾಸಕ್ಕೆ ಯಾವ ತತ್ವದ ಆಸರೆಯೂ ಸಿಗದು. ಮಗು ದೊಡ್ಡದಾದಂತೆ ಈ ಅಳತೆಗೋಲು ಮೊಂಡಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬಹುಕಾಲ ಹೇಳುತ್ತಿದ್ದ ಎರಡು ಗಂಟೆಯ ಮಿತಿಯನ್ನು 2016ರಲ್ಲಿ ಶಾಲಾ ವಯಸ್ಸಿನ ಮಕ್ಕಳ ಮಟ್ಟಿಗೆ ಕೈಬಿಟ್ಟು, ನಿಮ್ಮ ಮನೆಗೆ ತಕ್ಕ ನಿಯಮ ನೀವೇ ಕೂತು ಮಾಡಿಕೊಳ್ಳಿ ಎಂದಿತು. 2019ರಲ್ಲಿ ಸಂಶೋಧಕರಾದ ಎಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಜಾಲಾಡಿದರು. ಈ ಮಕ್ಕಳ ಮನಸ್ಥಿತಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದದ್ದು ಹೆಚ್ಚೆಂದರೆ ಶೇ 0.4 ಎಂದು ಅವರಿಗೆ ಕಂಡಿತು. ಇದನ್ನು ಒಪ್ಪದವರೂ ಇದ್ದಾರೆ. ಮೊಬೈಲೇ ಒಂದು ಪೀಳಿಗೆಯ ಆತಂಕಕ್ಕೆ ಕಾರಣ ಎಂದು ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2024ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನನ್ನ ಮಟ್ಟಿಗೆ ಹೇಳುವುದಾದರೆ, ಒಟ್ಟು ಗಂಟೆಗಳನ್ನು ಕೂಡಿಸಿ ತೂಗುವುದರಿಂದಲೇ ಈ ಜಗಳ ಬಗೆಹರಿಯುತ್ತಿಲ್ಲ. ಘಟಪ್ರಭೆಯಲ್ಲಿ ಎಷ್ಟು ನೀರು ಬಂತೆಂದು ಹುಡುಕಿದ ಅರ್ಧ ಗಂಟೆಯೂ ಹೆಬ್ಬೆರಳಿನಿಂದ ರೀಲ್ಸ್ ಸರಿಸಿದ ಅರ್ಧ ಗಂಟೆಯೂ ಆ ತಕ್ಕಡಿಯಲ್ಲಿ ಒಂದೇ ತೂಕ.

ಹಾಗಾದರೆ ಏನನ್ನು ನೋಡಬೇಕು? ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಪುತ್ತೂರಿಗೆ ಹೋದರೆ ಸಾಕು. ಶಿವರಾಮ ಕಾರಂತರು ಶಾಲೆಯ ಶಿಕ್ಷಣವನ್ನು ನೆಚ್ಚದವರು, ತಾವೇ ಅಸಹಕಾರ ಚಳವಳಿಯಲ್ಲಿ ಕಾಲೇಜು ಬಿಟ್ಟವರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದರು, ತಮ್ಮ ಮಕ್ಕಳನ್ನೂ ಮೊದಲ ಕೆಲವು ವರ್ಷ ಶಾಲೆಗೆ ಅಟ್ಟದೆ ಮನೆಯಲ್ಲೇ ಕಲಿಯಬಿಟ್ಟರು. ಅವರು ಯಂತ್ರಕ್ಕೆ ಹೆದರಿದವರಲ್ಲ. 1930ರ ಆಸುಪಾಸಿನಲ್ಲೇ ಕ್ಯಾಮೆರಾ ಹಿಡಿದು ಮೂಕಿ ಚಿತ್ರ ತೆಗೆದರು, ಫೋಟೊ ತೆಗೆದರು, ಸ್ವಂತ ಮುದ್ರಣಾಲಯ ಇಟ್ಟರು, ಪುಸ್ತಕಕ್ಕೆ ಬೇಕಾದ ಚಿತ್ರವನ್ನೂ ತಾವೇ ಬರೆದರು. 1936ರಲ್ಲಿ ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಆ ಕಾಲದ ಹೊಸ ತಂತ್ರಜ್ಞಾನ ಅಂಥ ಮನೆಯ ಮಗುವಿಗೆ ಹೇಗೆ ಕಂಡೀತು ಎಂದು ಯೋಚಿಸಬೇಕು. ಕ್ಯಾಮೆರಾ ಎಂದರೆ ಅಪ್ಪ ಏನನ್ನೋ ಮಾಡಲು ಬಳಸುವ ಉಪಕರಣ, ಮುದ್ರಣಾಲಯವೆಂದರೆ ಕೈಗೆ ಮಸಿ ಹತ್ತುವ ಕೆಲಸ. ಉಪಕರಣವನ್ನು ಕೆಲಸದಲ್ಲಿ ಕಂಡ ಮಗುವಿಗೆ ಅದರ ಬಗ್ಗೆ ಬೇರೆ ಬೋಧನೆ ಬೇಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಮೊಬೈಲು ಮಗುವಿಗೆ ಹೀಗೆ ಕಾಣುತ್ತಿಲ್ಲ. ದುಡಿದು ಬಂದ ದೊಡ್ಡವರು ಗೋಡೆಗೆ ಒರಗಿ ಮೌನವಾಗಿ ನೋಡುವ ವಸ್ತುವಾಗಿ ಅದು ಕಾಣುತ್ತಿದೆ. ಮಗು ಕಲಿಯುವುದು ತಾನು ಕಂಡದ್ದನ್ನೇ.

ರಬಕವಿ, ಬನಹಟ್ಟಿಯ ನೇಕಾರ ಮನೆಗಳಿಗೆ ಈ ಮಾತು ಹೊಸದಲ್ಲ. ಮಗ್ಗ ಮನೆಯೊಳಗೇ ಇರುವಲ್ಲಿ ಕೂಸು ಲಾಳಿಯ ಸದ್ದು ಕೇಳುತ್ತಲೇ ನಡೆಯಲು ಕಲಿಯುತ್ತದೆ, ಕಂಡಿಕೆ ಸುತ್ತುವುದನ್ನು ನೋಡುತ್ತದೆ, ಎಳೆ ಹರಿದಾಗ ಗಂಟು ಹಾಕುವುದನ್ನು ಯಾರೂ ಹೇಳಿಕೊಡದೆ ಕಲಿಯುತ್ತದೆ. ಅನ್‌ಸ್ಕೂಲಿಂಗ್ ಕುಟುಂಬಗಳು ಹೊಸದಾಗಿ ಕಟ್ಟಲು ಹೊರಟ ಕಲಿಕೆ ಇಂಥದೇ. ಹಾಗೆಂದು ಹಳೆಯದನ್ನೆಲ್ಲ ಹೊಗಳಲು ನನಗೆ ಮನಸ್ಸಿಲ್ಲ. ಕಂಡಿಕೆ ಸುತ್ತಿದ ಎಷ್ಟೋ ಹೆಣ್ಣುಮಕ್ಕಳಿಗೆ ಬೇರೆ ಏನನ್ನೂ ಕಲಿಯುವ ಆಯ್ಕೆ ಇರಲಿಲ್ಲ, ಅಪ್ಪನ ಕಸುಬೇ ಮಗನ ಹಣೆಬರಹ ಎಂಬ ಜಾತಿಯ ಕಟ್ಟೂ ಅದೇ ಮಗ್ಗದ ಬುಡದಲ್ಲಿತ್ತು. ಶಾಲೆ ಆ ಕಟ್ಟನ್ನು ಬಿಚ್ಚಿದ್ದು ಸಣ್ಣ ಉಪಕಾರವಲ್ಲ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನೂ ಮನೆಯಲ್ಲೇ ಉಳಿಯಲಿಲ್ಲ. ಗುರುವನ್ನು ಹುಡುಕಿ ದಕ್ಷಿಣದ ಗಂಗರ ನಾಡಿಗೆ ಹೋದ, ಅಜಿತಸೇನಾಚಾರ್ಯರ ಬಳಿ ಕಲಿತ, ಚಾವುಂಡರಾಯನ ಆಸರೆ ಪಡೆದ. ಮಗುವಿಗೆ ಕುತೂಹಲದ ಜೊತೆ ಮನೆಯಾಚೆಯ ಗುರುವೂ ಬೇಕು. ಇಂದು ಆ ಗುರು ಕೆಲವೊಮ್ಮೆ ಪರದೆಯೊಳಗೂ ಸಿಗುತ್ತಾರೆ. ಆ ಕಾರಣಕ್ಕೇ ಮೊಬೈಲನ್ನು ಪೂರಾ ಹೊರಗಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ದೊಡ್ಡದು ದುಡ್ಡಿನದು. ಶಾಲೆ ಬಿಡಿಸಿ ದಿನವಿಡೀ ಮಗುವಿನ ಪಕ್ಕ ಕೂರುವುದು ಯಾರಿಂದ ಸಾಧ್ಯ? ಒಬ್ಬರ ಸಂಬಳದಲ್ಲಿ ಮನೆ ನಡೆಯುವವರಿಂದ, ಇಂಗ್ಲಿಷ್ ಬಲ್ಲವರಿಂದ, ನಾಳೆ ಮಗು ಸೋತರೂ ಕೈಹಿಡಿಯಲು ಆಸ್ತಿ ಇರುವವರಿಂದ. ಮುಧೋಳ ತಾಲ್ಲೂಕಿನ ತಿಮ್ಮಾಪುರವನ್ನೇ ತೆಗೆದುಕೊಳ್ಳೋಣ. ಅಲ್ಲಿ ರನ್ನನ ಹೆಸರಿನಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಸುತ್ತಮುತ್ತಲ ಹೊಲಗಳಲ್ಲೆಲ್ಲ ಕಬ್ಬು. ಹಂಗಾಮು ಶುರುವಾದರೆ ಈ ಸೀಮೆಗೆ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದ ಬರದ ತಾಲ್ಲೂಕುಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಜೋಪಡಿ ಹಾಕುತ್ತವೆ, ಅವರೊಂದಿಗೆ ಮಕ್ಕಳೂ ಬರುತ್ತಾರೆ. ನಸುಕಿನಲ್ಲಿ ಕುಡುಗೋಲು ಹಿಡಿದು ಹೋದ ತಂದೆತಾಯಿ ಬರುವುದು ಕತ್ತಲಾದ ಮೇಲೆ. ಆ ಮಕ್ಕಳಿಗೂ ಶಾಲೆಯಿಲ್ಲ, ವೇಳಾಪಟ್ಟಿಯಿಲ್ಲ, ಮೊಬೈಲಿಗೆ ಮಿತಿಯಿಲ್ಲ. ಬೆಂಗಳೂರಿನ ಮನೆಯಲ್ಲಿ ಸ್ವಾತಂತ್ರ್ಯ ಎನಿಸಿಕೊಂಡದ್ದು ಈ ಜೋಪಡಿಯಲ್ಲಿ ಅನಾಥ ಸ್ಥಿತಿ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ವಾದ ಗಟ್ಟಿಯಾಗುವುದೂ ಇಲ್ಲೇ. ಎರಡು ಕಡೆಯೂ ಮಿತಿಯಿಲ್ಲದಿರುವಾಗ ಫಲ ಬೇರೆಯಾದರೆ, ಫಲವನ್ನು ತಂದದ್ದು ಮಿತಿಯಿಲ್ಲದಿರುವುದಂತೂ ಅಲ್ಲ. ಒಂದು ಕಡೆ ಮಗುವಿನ ಸುತ್ತ ಪುಸ್ತಕ, ಕೆಲಸ, ಮಾತು, ಬಿಡುವಿರುವ ದೊಡ್ಡವರು ಇದ್ದಾರೆ, ಇನ್ನೊಂದು ಕಡೆ ಪರದೆಯೊಂದೇ ಇದೆ. ಸ್ವಾತಂತ್ರ್ಯವನ್ನೇ ತಮ್ಮ ಯಶಸ್ಸಿನ ಗುಟ್ಟು ಎಂದು ಹೇಳಿಕೊಳ್ಳುವ ಕುಟುಂಬಗಳು ತಮ್ಮ ಬಿಡುವನ್ನು ಲೆಕ್ಕಕ್ಕೆ ಹಿಡಿಯುವುದನ್ನು ಮರೆತಿವೆ.

ಎರಡನೇ ಆಕ್ಷೇಪ ಪರದೆಯ ಸ್ವಭಾವದ್ದು. ಕ್ಯಾಮೆರಾಗೂ ಮಗ್ಗಕ್ಕೂ ಮೊಬೈಲನ್ನು ಹೋಲಿಸುವುದು ಎಷ್ಟು ಸರಿ? ಮಗ್ಗ ತಾನಾಗಿ ಮಗುವನ್ನು ಕರೆಯುವುದಿಲ್ಲ. ಮೊಬೈಲಿನೊಳಗಿನ ಆ್ಯಪ್ ಕರೆಯುತ್ತದೆ, ಬಿಟ್ಟುಹೋಗದಂತೆ ಹಿಡಿಯುತ್ತದೆ, ಅದನ್ನು ಹಾಗೆ ಕಟ್ಟಿದವರಿಗೆ ಮಗು ಕಳೆದ ಪ್ರತಿ ನಿಮಿಷವೂ ಆದಾಯ. ಮಿತಿಯೇ ಬೇಡ ಎನ್ನುವ ಗುಂಪಿನೊಂದಿಗೆ ನನ್ನ ದಾರಿ ಇಲ್ಲಿ ಕವಲಾಗುತ್ತದೆ. ಹಸಿವಿಗೆ ಹೊಟ್ಟೆ ತುಂಬುವ ಹೊತ್ತಿದೆ, ತುದಿಯಿಲ್ಲದೆ ಉರುಳುವ ರೀಲ್ಸಿಗೆ ಅದಿಲ್ಲ. ತನ್ನ ಮಿತಿಯನ್ನು ಮಗು ತಾನೇ ಕಂಡುಕೊಳ್ಳಲಿ ಎನ್ನುವುದು ನ್ಯಾಯವಾಗುವುದು ಎದುರಿಗಿರುವ ವಸ್ತು ಆ ಮಿತಿಯನ್ನು ಮುರಿಯಲೆಂದೇ ಸಜ್ಜಾಗಿರದಿದ್ದಾಗ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗಾಗಿ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. ಸರ್ಕಾರಗಳಿಗೂ ಇದು ನಿಧಾನವಾಗಿ ಅರ್ಥವಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರಲ್ಲಿ ಬಂತು. ಆಸ್ಟ್ರೇಲಿಯಾ 16ರೊಳಗಿನವರಿಗೆ ಸಾಮಾಜಿಕ ಜಾಲತಾಣವನ್ನೇ ಮುಚ್ಚಿತು. ಕಾನೂನು ಬೇಕು, ಆದರೆ ಕಾನೂನು ಪಡಸಾಲೆಯಲ್ಲಿ ಬಂದು ಕೂರುವುದಿಲ್ಲ.

ಮಕ್ಕಳು ಕಂಪ್ಯೂಟರನ್ನು ತಾವಾಗಿ ಕಲಿಯುತ್ತಾರೆ ಎಂಬುದಕ್ಕೆ 1999ರಲ್ಲಿ ಸಂಶೋಧಕ ಸುಗತ ಮಿತ್ರಾ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆ ಕೊರೆದು ಕಂಪ್ಯೂಟರ್ ಇಟ್ಟ ಪ್ರಯೋಗವನ್ನು ಸಾಕ್ಷಿಯಾಗಿ ಹೇಳುವುದುಂಟು. ಕೊಳೆಗೇರಿಯ ಮಕ್ಕಳು ಯಾರ ನೆರವೂ ಇಲ್ಲದೆ ಅದನ್ನು ಬಳಸಲು ಕಲಿತದ್ದು ನಿಜ. ಮುಂದೆ ಬೇರೆ ಬೇರೆ ಕಡೆ ಇಟ್ಟ ಅಂಥ ಗೋಡೆಗಳಲ್ಲಿ ಹಲವು ಹಾಳುಬಿದ್ದದ್ದೂ, ಆಟವೇ ಹೆಚ್ಚಾಗಿದ್ದದ್ದೂ ಅಷ್ಟೇ ನಿಜ. ಸ್ವತಃ ಮಿತ್ರಾ ಕೂಡ ಮುಂದಿನ ಪ್ರಯೋಗಗಳಲ್ಲಿ, ಹಿಂದೆ ನಿಂತು ಮೆಚ್ಚುವ ಅಜ್ಜಿಯರಂಥ ದೊಡ್ಡವರನ್ನು ಮಕ್ಕಳ ಜೊತೆ ಸೇರಿಸಿದರು. ಅನ್‌ಸ್ಕೂಲಿಂಗ್‌ನ ಪರವಾಗಿ ಕೊಡುವ ಬೇರೆ ಪುರಾವೆಗಳೂ ತೆಳುವೇ. ಅಮೆರಿಕದ ಸಂಶೋಧಕರಾದ ಪೀಟರ್ ಗ್ರೇ ಮತ್ತು ಜೀನಾ ರೈಲಿ 232 ಕುಟುಂಬಗಳನ್ನು, ಮುಂದೆ ಹೀಗೆ ಬೆಳೆದ 75 ಜನರನ್ನು ಮಾತಾಡಿಸಿದಾಗ ಬಹುಪಾಲು ಜನ ತೃಪ್ತಿಯನ್ನೇ ಹೇಳಿಕೊಂಡರು. ಅವರೆಲ್ಲ ತಾವಾಗಿ ಮುಂದೆ ಬಂದು ಉತ್ತರಿಸಿದವರು, ಸೋತವರು ಬಂದಿರಲಾರರು. ಹತ್ತನೇ ತರಗತಿಯ ಅಂಕಪಟ್ಟಿಯೇ ಇಲ್ಲದ ಮುಂಬೈ ಹುಡುಗಿಯೊಬ್ಬಳು ಕಂಪ್ಯೂಟರ್ ಒಲಿಂಪಿಯಾಡ್ ಪದಕಗಳ ಬಲದಿಂದ 2016ರಲ್ಲಿ ಅಮೆರಿಕದ ಎಂಐಟಿ ಸೇರಿದ್ದು ಹೆಮ್ಮೆಯ ಸುದ್ದಿ, ಆದರೆ ಒಬ್ಬಳ ಗೆಲುವಿನಿಂದ ಎಲ್ಲರಿಗೂ ನಿಯಮ ಮಾಡಲಾಗದು. ಹಾಗಾಗಿ ಮಕ್ಕಳನ್ನು ಶಾಲೆ ಬಿಡಿಸಿ ಎಂದು ಈ ಸೀಮೆಯ ಒಬ್ಬ ತಾಯಿಗೂ ನಾನು ಹೇಳುವುದಿಲ್ಲ. ಆ ಕುಟುಂಬಗಳಿಂದ ಕಲಿಯಬೇಕಾದದ್ದು ಜೊತೆಗಿರುವ ಅಭ್ಯಾಸವನ್ನು ಮಾತ್ರ.

ಜೊತೆಗಿರುವುದು ಎಂದರೆ ಕಾವಲು ಕೂರುವುದಲ್ಲ. ಈ ಎಚ್ಚರ ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು ಬೇಕು. ಶಿಕ್ಷಣದ ಸ್ಥಿತಿಗತಿ ಹೇಳುವ 2023ರ ಅಸರ್ ವರದಿಯಂತೆ, ಗ್ರಾಮೀಣ ಭಾರತದಲ್ಲಿ ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 18 ವರ್ಷದ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ಶೇ 19.8 ಮಂದಿಗಷ್ಟೇ ಇತ್ತು. ಮಗನ ಕೈಯ ಮೊಬೈಲು ಅಭ್ಯಾಸ, ಮಗಳ ಕೈಯದು ಅಪಾಯ ಎಂದು ಎಣಿಸುವ ಮನೆಯಲ್ಲಿ ಸಂಜೆಯ ಸೈರನ್ ಅವಳಿಗೆ ಇನ್ನೊಂದು ಬೀಗವಾದೀತು. ಇಬ್ಬರಿಗೂ ಒಂದೇ ನಿಯಮ, ಆ ನಿಯಮ ಅಪ್ಪನಿಗೂ ಅನ್ವಯ ಎಂದಾಗಲೇ ಅದು ನ್ಯಾಯ. 2024ರ ಅಸರ್ ವರದಿ ಇನ್ನೊಂದು ಮಾತು ಹೇಳುತ್ತದೆ: ಸ್ಮಾರ್ಟ್‌ಫೋನ್ ಬಳಸಲು ಬಲ್ಲ 14ರಿಂದ 16 ವರ್ಷದವರಲ್ಲಿ ಹಿಂದಿನ ವಾರ ಫೋನನ್ನು ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಮಕ್ಕಳು ದಾರಿ ಬಿಟ್ಟಿದ್ದಾರೆ ಎಂದು ನಾನು ಇದನ್ನು ಓದುವುದಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಾವಾಗಿ ಕಲಿಕೆಗೂ ಅದನ್ನು ಬಳಸುತ್ತಿದ್ದಾರೆ ಎಂಬುದು ಹಿಡಿದುಕೊಳ್ಳಬಹುದಾದ ಎಳೆ.

ಆ ಎಳೆಯನ್ನು ಹಿಡಿಯಲು ಪಾಲಕರು ಓದುಬರಹ ಬಲ್ಲವರಾಗಿರಬೇಕೆಂದೂ ಇಲ್ಲ. ಇದೇನು, ನನಗೂ ತೋರಿಸು, ಇವನು ಹೇಳಿದ್ದು ಖರೆಯೋ ಸುಳ್ಳೋ ಎಂದು ಮಗನ ಪಕ್ಕ ಕೂತು ಕೇಳುವ ತಾಯಿ, ದೊಡ್ಡ ಶಾಲೆಯೊಂದು ಕಲಿಸಲಾರದ್ದನ್ನು ಕಲಿಸುತ್ತಾಳೆ. ಕೇಳಿ ನೋಡಲು ಈ ಸೀಮೆಯಲ್ಲಿ ವಿಷಯಕ್ಕೇನೂ ಬರವಿಲ್ಲ. ತಿಮ್ಮಾಪುರದಲ್ಲೇ ಮುಧೋಳ ತಳಿಯ ನಾಯಿಗಳ ಸಂಶೋಧನಾ ಕೇಂದ್ರವಿದೆ, ಕಬ್ಬಿನ ಹಾಲು ಸಕ್ಕರೆಯಾಗುವ ಕಾರ್ಖಾನೆಯಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಕಟ್ಟಿದ ಬ್ಯಾರೇಜಿದೆ. ಇವನ್ನು ಮೊಬೈಲಿನಲ್ಲಿ ಚಿತ್ರ ಹಿಡಿದು, ಕಟ್ಟಿದ ಹಿರಿಯರ ಮಾತು ರೆಕಾರ್ಡ್ ಮಾಡಿ, ಕನ್ನಡದಲ್ಲಿ ಬರೆದಿಡುವ ಹುಡುಗಿ ಕಳೆದ ಸಮಯವನ್ನು ಯಾರೂ ಗಂಟೆ ಹಿಡಿದು ಅಳೆಯಬೇಕಾಗಿಲ್ಲ. 2020ರ ಆಗಸ್ಟ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮ ಎಂಬ ಹೆಸರಿನಲ್ಲಿ ನಮ್ಮ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಬಂದು ಮಕ್ಕಳ ನಡುವೆ ಕೂತರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರೂ, ಶಾಲೆಯ ಗೋಡೆಯಾಚೆ ಮಗುವಿನ ಪಕ್ಕ ದೊಡ್ಡವರನ್ನು ಕೂರಿಸುವುದು ಸರ್ಕಾರಕ್ಕೂ ಸಾಧ್ಯ ಎಂಬುದು ಅಲ್ಲಿ ಸಾಬೀತಾಯಿತು.

ಮಗ್ಗಕ್ಕೋ ಹೊಲಕ್ಕೋ ಹನ್ನೆರಡು ತಾಸು ಕೊಟ್ಟು ಬಂದವರಿಗೆ ಮಗುವಿನ ಪಕ್ಕ ಕೂರುವ ಶಕ್ತಿ ಉಳಿದಿರುವುದಿಲ್ಲ, ಅವರನ್ನು ದೂರುವುದು ಅನ್ಯಾಯ. ಆ ಜಾಗವನ್ನು ಊರು ತುಂಬಬೇಕು. ರಾಜ್ಯದಲ್ಲಿ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿವೆ, 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪರದೆ, ಪುಸ್ತಕ, ಒಬ್ಬ ಮೇಲ್ವಿಚಾರಕ ಮೂರೂ ಒಂದೇ ಸೂರಿನಡಿ ಸಿಗುವ ಜಾಗ ಹಳ್ಳಿಯಲ್ಲಿ ಬೇರೊಂದಿಲ್ಲ. ಕಬ್ಬಿನ ಹಂಗಾಮಿನಲ್ಲಾದರೂ ಇವು ಸಂಜೆ 6ರಿಂದ 9ರವರೆಗೆ ತೆರೆದಿರಲಿ, ಆ ಹೊತ್ತಿನ ದುಡಿಮೆಗೆ ಮೇಲ್ವಿಚಾರಕರಿಗೆ ಬೇರೆ ಸಂಬಳ ಸಿಗಲಿ, ಗ್ಯಾಂಗಿನೊಂದಿಗೆ ಬಂದ ಮಕ್ಕಳಿಗೆ ಈ ಊರಿನ ವಿಳಾಸ ಕೇಳದೆ ಸದಸ್ಯತ್ವ ಕೊಡಲಿ. ಗ್ಯಾಂಗುಗಳನ್ನು ಕರೆಸಿಕೊಳ್ಳುವ ಕಾರ್ಖಾನೆಗಳು ಈ ಖರ್ಚಿನಲ್ಲಿ ಪಾಲು ಹೊರುವುದು ನ್ಯಾಯ. ಅವರ ಗೋದಾಮು ತುಂಬುವುದು ಈ ಮಕ್ಕಳ ತಂದೆತಾಯಿ ನಸುಕಿನಲ್ಲೇ ಜೋಪಡಿ ಬಿಟ್ಟು ಹೋಗುವುದರಿಂದ.